ನಮ್ಮೂರಿನ ಆಸ್ಪತ್ರೆಗಳೂ ನಿರ್ಮಲ ಜಲವೂ

ಶತಮಾನೋತ್ಸವದ ಸಂಚಿಕೆಯಲ್ಲಿ ದೇವಾಲಯದ ಗಂಟೆ, ಗೋಪುರ, ಗುರುಗಳ ಚರಿತ್ರೆಯನ್ನು ನಿರೀಕ್ಷಿಸುವ ಭಕ್ತಾದಿಗಳ ಮುಂದೆ ಕೊಳಾಯಿ ನೀರಿನ ಚರಿತ್ರೆಯನ್ನಿಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ತ್ಯಾಗರಾಜನಗರ, ಬಸವನಗುಡಿಗಳ ನಿವಾಸಿಗಳಾದ ನಾವು ಇಂದು ರೋಗಿಯನ್ನು ಧೈರ್ಯದಿಂದ ಆಸ್ಪತ್ರೆಗೆ ಸೇರಿಸುತ್ತೇವೆಂದರೆ, ಅದಕ್ಕೆ ವೈದ್ಯರ ವಿದ್ಯೆಯಷ್ಟೇ ನೀರಿನ ಶುದ್ಧಿಯೂ ಕಾರಣ.

1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದಾಗ ಊರಿಗೆ ಕೆರೆ ಬಾವಿಗಳ ನೀರೇ ಆಧಾರವಾಗಿತ್ತು. ಬೆಥಾನಿಯದ ಮನೆಯಲ್ಲಿ ಅತಿಥಿಸತ್ಕಾರದ ದುಡಿಮೆಯಲ್ಲೇ ಮುಳುಗಿದ್ದ ಮಾರ್ತಳ ಹೆಸರು ಆಸ್ಪತ್ರೆಗೆ ಎಷ್ಟು ಒಪ್ಪುತ್ತದೆ! ನೀರು ಸೇದಿ, ಕಾಯಿಸಿ, ಬಟ್ಟೆ ಒಗೆದು, ನೆಲ ತೊಳೆಯುವ ಕೆಲಸವಿಲ್ಲದೆ ಯಾವ ಶುಶ್ರೂಷೆಯೂ ನಡೆಯದು.

ಕೈತೊಳೆಯುವುದರ ಮಹತ್ವವನ್ನು ಲೋಕಕ್ಕೆ ತೋರಿಸಿದವರು ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್. ಅವರಿದ್ದ ಹೆರಿಗೆ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ ಹತ್ತಕ್ಕೂ ಮೀರಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಶವಪರೀಕ್ಷೆ ಮುಗಿಸಿದ ಕೈಗಳಲ್ಲೇ ವೈದ್ಯರು ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಸುಣ್ಣದ ಕ್ಲೋರೈಡ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಅವರು ಕಡ್ಡಾಯಗೊಳಿಸಿದ ಮೇಲೆ, ಮರುವರ್ಷ ಆ ಸಾವು ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಸಹೋದ್ಯೋಗಿಗಳಲ್ಲಿ ಅನೇಕರು ಮಾತ್ರ ಒಪ್ಪಲಿಲ್ಲ. ವಿದ್ಯಾವಂತರ ಹಟಕ್ಕೆ ಮದ್ದು ತಡವಾಗಿಯೇ ದೊರೆಯುತ್ತದೆ. 1884ರಲ್ಲಿ ರಾಬರ್ಟ್ ಕೋಕ್ ಅವರು ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ಗುರುತಿಸಿದರು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಕೊಳವೆಗಳ ಮೂಲಕ ನೀರು ಬೆಂಗಳೂರಿಗೆ ಹರಿಯಿತು. ಎರಡೇ ವರ್ಷಗಳಲ್ಲಿ, 1898ರ ಆಗಸ್ಟಿನಲ್ಲಿ, ಪ್ಲೇಗ್ ಮಾರಿ ಬಂದೆರಗಿತು. ಜನ ಮನೆಮಠ ತೊರೆದು ಬಯಲಿನ ಗುಡಿಸಲುಗಳಿಗೆ ಓಡಿದರು. ಬೇರ್ಪಡಿಸಿ ಇರಿಸುವ ಶಿಬಿರವೆಂದರೆ ನಡುಗಿದರು. ಪ್ಲೇಗ್ ನೀರಿನಿಂದ ಹರಡುವ ರೋಗವಲ್ಲ. ಇಲಿಯ ಚಿಗಟವೇ ಅದರ ವಾಹಕವೆಂದು ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸಿಮೊಂದ್ ಪ್ರಯೋಗದಿಂದ ತೋರಿಸಿದ್ದರು, ಆದರೆ ಲೋಕ ಅದನ್ನು ನಂಬಲು ವರ್ಷಗಳೇ ಬೇಕಾದವು. ಆದರೂ ಆ ಭೀತಿಯಿಂದ ನಮಗೆ ಉಪಕಾರವೇ ಆಯಿತು. ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಂದಿಗೆ, ಮನೆಗಳ ಹಿಂದೆ ಮಲ ಸಾಗಿಸುವ ಪ್ರತ್ಯೇಕ ಓಣಿಗಳೊಂದಿಗೆ ಬೆಳೆದವು. ಆ ಓಣಿಗಳಲ್ಲಿ ಮಲ ಹೊತ್ತವರ ಹೆಸರು ಯಾವ ಫಲಕದಲ್ಲೂ ಇಲ್ಲ.

1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯನ್ನು ಲಾರ್ಡ್ ಕರ್ಜನ್ ಉದ್ಘಾಟಿಸಿದರು. ಊರು ಬೆಳೆದಂತೆ ಹೆಸರಘಟ್ಟ ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರು ಬಂತು. 1935ರಲ್ಲಿ ವಿಕ್ಟೋರಿಯಾದ ಪಕ್ಕದಲ್ಲೇ ವಾಣಿವಿಲಾಸ ಹೆರಿಗೆ ಆಸ್ಪತ್ರೆ ತೆರೆಯಿತು. ನನ್ನ ಎಣಿಕೆಯಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಹೆರಿಗೆಯ ಕೋಣೆಗೆ ನೀರಿಲ್ಲದಿದ್ದರೆ ಆಸ್ಪತ್ರೆಗಿಂತ ಮನೆಯ ಸೂಲಗಿತ್ತಿಯೇ ಲೇಸು. ಕಾವೇರಿ ಇಲ್ಲಿಗೆ ಬಂದದ್ದು 1974ರಲ್ಲಿ, ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿ.

ನೀರು ಬಂದ ಮಾತ್ರಕ್ಕೆ ಕೆಲಸ ಮುಗಿಯದು. ತೊಟ್ಟಿಯಲ್ಲಿ ನಿಂತ ನೀರಿನಲ್ಲೂ ಕ್ರಿಮಿ ಬೆಳೆಯುತ್ತದೆ. ಆದ್ದರಿಂದ ಕುಡಿಯುವ ನೀರಿನ ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮೊದಲು ಚೆನ್ನಾಗಿ ತೊಳೆದು, ಬಳಿಕ ಆಟೋಕ್ಲೇವಿನಲ್ಲಿ 121 ಡಿಗ್ರಿ ಹಬೆಯಲ್ಲಿಡುತ್ತಾರೆ. ರಕ್ತದ ಕಲೆ ಉಳಿದ ಉಪಕರಣವನ್ನು ಹಬೆ ಶುದ್ಧಗೊಳಿಸಲಾರದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈತೊಳೆಯಬೇಕಾದ ಐದು ಸಂದರ್ಭಗಳನ್ನು ಸಾರಿತು: ರೋಗಿಯನ್ನು ಮುಟ್ಟುವ ಮೊದಲು, ಶುದ್ಧವಾದ ಚಿಕಿತ್ಸಾಕ್ರಮಕ್ಕೆ ಮೊದಲು, ದೇಹದ್ರವ ಸೋಂಕಿದ ಸಂಭವವಿದ್ದಾಗ, ರೋಗಿಯನ್ನು ಮುಟ್ಟಿದ ನಂತರ, ಅವನ ಹಾಸಿಗೆ-ಸಾಮಾನುಗಳನ್ನು ಮುಟ್ಟಿದ ನಂತರ. ಇದು ದಾದಿಯರಿಗೆ ಮಾತ್ರ ಅನ್ವಯಿಸುವ ನಿಯಮವೆಂದು ನೋಡಲು ಬರುವ ನೆಂಟರು ಭಾವಿಸಬಾರದು. ಅಭ್ಯಂಗದ ಪವಿತ್ರ ತೈಲ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುವ ಯಾಜಕನ ಹೆಬ್ಬೆರಳಿಗೂ ಅದೇ ನಿಯಮ. ಬಲಿಪೂಜೆಯಲ್ಲಿ ಕೈ ತೊಳೆಯುವ ನಾವು ವಾರ್ಡಿನಲ್ಲಿ ಅದನ್ನು ಮರೆಯಲಾದೀತೆ?

2015ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಶುಚಿತ್ವಕ್ಕಾಗಿ ಕಾಯಕಲ್ಪ ಯೋಜನೆಯನ್ನು ಆರಂಭಿಸಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಊರು ಟ್ಯಾಂಕರುಗಳ ಹಿಂದೆ ಅಲೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತಕ್ಕೆ ಚಾಲನೆ ದೊರೆಯಿತು. ಟ್ಯಾಂಕರಿನ ನೀರನ್ನು ತೊಟ್ಟಿಗೆ ತುಂಬಿಸುವ ಚಿಕ್ಕ ನರ್ಸಿಂಗ್ ಹೋಮುಗಳಲ್ಲಿ ಕ್ಲೋರಿನ್ ಪರೀಕ್ಷಿಸುವವರು ಯಾರೆಂದು ನಮ್ಮ ಧರ್ಮಕೇಂದ್ರದ ಯುವಕರು ಒಮ್ಮೆ ವಿಚಾರಿಸಬಹುದು.