ಗಣಿ ನಿಂತ ವರ್ಷದ ರೇಟು

ಚೋರನೂರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಸಂಡೂರು ತಾಲ್ಲೂಕಿನ ಹೋಬಳಿ ಇದು. ಅದಿರು ಲಾರಿಗೆ ಹೋದ ಹುಡುಗರ ದುಡ್ಡು ನಮ್ಮ ಗಲ್ಲಾಪೆಟ್ಟಿಗೆಗೂ ಬೀಳುತ್ತಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಚೀನಾದವರು ಅದಿರಿನ ಪುಡಿಯನ್ನೂ ಬಿಡದೆ ಕೊಳ್ಳುತ್ತಿದ್ದಾಗ, ಸಂಡೂರು, ಹೊಸಪೇಟೆಯ ಮನೆ ಬಾಡಿಗೆ ಕೇಳಿ ವರ್ಗವಾಗಿ ಬಂದ ಮೇಷ್ಟ್ರುಗಳು ಬೆವರುತ್ತಿದ್ದರು. ಇಲ್ಲಿ ಶೇಂಗಾ ಕೀಳಲು ಆಳು ಸಿಗುತ್ತಿರಲಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು. ಓಬಳಾಪುರಂ ಕಡೆ ಗಣಿಯವರು ಆಂಧ್ರದ ಗಡಿ ಗುರುತುಗಳನ್ನೇ ಅಳಿಸಿದ್ದಾರೆಂಬ ದೂರು ಆಗಲೇ ಊರೂರಿನ ಮಾತಾಗಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ನಮ್ಮ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ವಾರದೊಳಗೆ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಬಿಟ್ಟಿತು.

ಇನ್ನು ಎಲ್ಲ ಅಗ್ಗ ಅಂದುಕೊಂಡವರಿದ್ದರು. ಇಳಿದದ್ದು ಇಲ್ಲೇ ಹುಟ್ಟಿದ ಬೆಲೆಗಳು: ಬಾಡಿಗೆ, ಸೈಟು, ಕೂಲಿ, ಫೈನಾನ್ಸ್‌ನವರು ಎಳೆದೊಯ್ದ ಟಿಪ್ಪರು. ತೊಗರಿಬೇಳೆ, ಎಣ್ಣೆ, ಡೀಸೆಲ್ ರೇಟು ಬೇರೆಲ್ಲೋ ಕಟ್ಟುತ್ತಾರೆ; ನಮ್ಮ ಗಣಿ ನಿಂತರೆ ಅವಕ್ಕೇನು? ಕೆಜಿಗಟ್ಟಲೆ ಒಯ್ಯುತ್ತಿದ್ದವರು ಕಾಲು ಕೆಜಿಗೆ ಬಂದರು. ಚಿಕ್ಕ ಪೊಟ್ಟಣ ಕಟ್ಟಿದರೆ ನನಗೆ ಲಾಭ ತುಸು ಹೆಚ್ಚೇ. ಅಂದರೆ ಕೈ ಖಾಲಿಯಾದವನೇ ದುಬಾರಿಗೆ ತಿಂದ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆ ಲಾಭವೂ ಉದ್ರಿ ಪುಸ್ತಕದಲ್ಲೇ ಉಳಿಯಿತು.

2013ರಲ್ಲಿ ಮಿತಿ ಹಾಕಿ ಗಣಿಗಳನ್ನು ಮತ್ತೆ ತೆರೆಯಲು ಬಿಟ್ಟರು. ಲಾರಿಗಳು ಬಂದವು, ಮೊದಲಿನಷ್ಟಲ್ಲ. ಪೊಟ್ಟಣ ಮಾತ್ರ ಕಾಲು ಕೆಜಿಯದೇ ಹೆಚ್ಚು ಹೋಗುತ್ತದೆ.