ನೆಗೆಟಿವ್ ಮೇಲಿನ ಮೋಡಗಳು

ಹಳೆಯ ಛಾಯಾಚಿತ್ರವನ್ನು ಕಂಡೊಡನೆ ಅದನ್ನು ಪ್ರಶ್ನಾತೀತ ಸಾಕ್ಷ್ಯವೆಂದು ಒಪ್ಪಿಬಿಡುವ ರೂಢಿ ಇತಿಹಾಸ ಸಂಶೋಧನೆಯಲ್ಲಿದೆ. ಈ ವಿಶ್ವಾಸವನ್ನು ಪರಿಶೀಲಿಸಲು ಲಿನೇಯಸ್ ಟ್ರೈಪ್‌ನ ಚಿತ್ರಗಳು ತಕ್ಕ ಆಕರ.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಚಿತ್ರೀಕರಿಸಿದನು. ಮರುವರ್ಷ ಬ್ರಿಟಿಷ್ ನಿಯೋಗದೊಡನೆ ಬರ್ಮಾಕ್ಕೆ ತೆರಳಿದನು. ಅವನು ಬಳಸುತ್ತಿದ್ದುದು ಕಾಗದದ ನೆಗೆಟಿವ್. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಮುದ್ರಿತ ಚಿತ್ರದಲ್ಲಿ ಆಕಾಶವು ಬರಿದಾಗಿ, ಬೆಳ್ಳಗೆ ಉಳಿಯುತ್ತಿತ್ತು. ಈ ಕೊರತೆಯನ್ನು ನೀಗಲು ಟ್ರೈಪ್ ಬರ್ಮಾದ ಅನೇಕ ನೆಗೆಟಿವ್‌ಗಳ ಮೇಲೆ ಬಣ್ಣ ಬಳಿದು ಮೋಡಗಳನ್ನು ಮೂಡಿಸಿದನು. ಗಿಡಮರಗಳ ಎಲೆಗಳನ್ನೂ ತಿದ್ದಿದನು.

ಅದೇ ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು ಭಾಗಭಾಗವಾಗಿ ಸೆರೆಹಿಡಿದು, 21 ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ, ಸುಮಾರು 19 ಅಡಿ ಉದ್ದದ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ಹುಲ್ಟ್ಷ್ ಆ ದೇವಾಲಯದ ಶಾಸನಪಾಠಗಳನ್ನು 1891ರಿಂದ ಪ್ರಕಟಿಸತೊಡಗುವುದಕ್ಕೆ ಮೂರು ದಶಕಗಳಷ್ಟು ಮೊದಲೇ ನಡೆದ ಕಾರ್ಯವಿದು.

ಮೋಡವನ್ನು ಬರೆದ ಕೈಯೇ ಶಾಸನವನ್ನೂ ದಾಖಲಿಸಿತೆಂದು ಆ ದಾಖಲೆಯನ್ನು ಶಂಕಿಸಬೇಕೆ? ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ಸೇರ್ಪಡೆ ಕಂಡಾಗ ಆ ಭಾಗವನ್ನು ಪ್ರಕ್ಷಿಪ್ತವೆಂದು ಗುರುತಿಸುತ್ತೇವೆ, ಕೃತಿಯನ್ನೇ ತ್ಯಜಿಸುವುದಿಲ್ಲ. ಛಾಯಾಚಿತ್ರಕ್ಕೂ ಅದೇ ನ್ಯಾಯ ಸಲ್ಲಬೇಕು. ಟ್ರೈಪ್‌ನ ಮೋಡಗಳಿಂದ ಬರ್ಮಾದ ಹವಾಮಾನವನ್ನು ಅರಿಯಲಾಗದು. 19ನೆಯ ಶತಮಾನದ ಚಿತ್ರಾಭಿರುಚಿಯನ್ನು ಅರಿಯಬಹುದು. ಆದುದರಿಂದ ಹಳೆಯ ಚಿತ್ರವನ್ನು ಆಕರವಾಗಿ ಬಳಸುವವರು, ನೆಗೆಟಿವ್ ಉಳಿದಿದ್ದಲ್ಲಿ, ಮುದ್ರಿತ ಪ್ರತಿಯನ್ನು ಅದರೊಡನೆ ಹೋಲಿಸಿ ನೋಡುವುದು ಅವಶ್ಯ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳ ತುಲನೆಗಿರುವ ಮಹತ್ವವೇ ಇದಕ್ಕೂ ಇದೆ.