ಗಡಿಯ ಐದು ತಾಲೂಕು, ಎರಡು ಪತ್ತೇದಾರಿ ಚಿತ್ರ: ಥಿಯೇಟರಿನಿಂದ ವಿಸಿಡಿಯವರೆಗೆ

ಪತ್ತೇದಾರಿ ಸಿನಿಮಾ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1968ರ ‘ಜೇಡರ ಬಲೆ’. ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ಈ ಕಪ್ಪು-ಬಿಳುಪು ಚಿತ್ರದಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದರು. ಆದರೆ ಬೆಳಗಾವಿ ಜಿಲ್ಲೆಯ ಗಡಿಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಟ್ಟಿಗೆ ಪತ್ತೇದಾರಿ ಚಿತ್ರದ ಚರಿತ್ರೆಯನ್ನು ಇಲ್ಲಿಂದ ಶುರು ಮಾಡಿದರೆ ಅರ್ಧವೇ ಹೇಳಿದಂತಾಗುತ್ತದೆ. ಕನ್ನಡ, ಮರಾಠಿ ಎರಡೂ ಭಾಷೆ ಆಡುವ ಈ ಸೀಮೆಯಲ್ಲಿ ‘ಜೇಡರ ಬಲೆ’ಯ ಪಕ್ಕಕ್ಕೆ 1964ರ ಮರಾಠಿ ಚಿತ್ರ ‘ಪಾಠಲಾಗ’ವನ್ನೂ ಇಟ್ಟು ನೋಡಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ಕಾರಣ ನಕಾಶೆಯಲ್ಲಿದೆ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. 1949ರಲ್ಲಿ ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ರಾಜ್ಯ ಬದಲಾದರೂ ಸಿನಿಮಾ ವ್ಯಾಪಾರದ ಗಡಿ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆದಾರರ ಲೆಕ್ಕದಲ್ಲಿ ಹಳೆಯ ಮುಂಬಯಿ ಕರ್ನಾಟಕದ ಜಿಲ್ಲೆಗಳು ‘ಬಾಂಬೆ ಸರ್ಕಿಟ್’ನಲ್ಲೇ ಉಳಿದವು; ‘ಮೈಸೂರು ಸರ್ಕಿಟ್’ ಎಂದರೆ ಬೇರೆಯದೇ ಪ್ರದೇಶ. ಇನ್ನು ನಿಪ್ಪಾಣಿಗೆ ಕೊಲ್ಹಾಪುರ ಸುಮಾರು 40 ಕಿಲೋಮೀಟರು, ಬೆಂಗಳೂರು 500 ಕಿಲೋಮೀಟರಿಗೂ ಆಚೆ. ಆ ಕೊಲ್ಹಾಪುರವೋ, ಬಾಬುರಾವ್ ಪೇಂಟರ್ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದ ಊರು. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿ, 1933ರಲ್ಲಿ ಪುಣೆಗೆ ಹೋದದ್ದೂ ಅಲ್ಲಿಂದಲೇ.

ಓದಿನ ಹಿನ್ನೆಲೆಯೂ ಎರಡು ಬಗೆಯದು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳು. ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರರ ಸಾವಿರ ದಾಟಿದ ರಹಸ್ಯಕಥೆಗಳು.

ರಾಜಾ ಪರಾಂಜಪೆ ನಿರ್ದೇಶಿಸಿದ ‘ಪಾಠಲಾಗ’ಕ್ಕೆ ಆಧಾರ ಜಯಂತ ದೇವಕುಳೆಯವರ ‘ಆಶಾ ಪರತ ಯೇತೆ’ ಎಂಬ ಕಾದಂಬರಿ. ವಕೀಲನೊಬ್ಬ ತನ್ನ ಕೈಯಾರೆ ಹೆಂಡತಿಯ ಅಂತ್ಯಕ್ರಿಯೆ ಮಾಡಿದ್ದಾನೆ. ಅದೇ ಮುಖದ ಹೆಣ್ಣೊಬ್ಬಳು ಪೊಲೀಸರ ಕೈಗೆ ಸಿಕ್ಕು, ನಾನೇ ನಿನ್ನ ಹೆಂಡತಿ ಎನ್ನುತ್ತಾಳೆ. ಕಾಶಿನಾಥ ಘಾಣೇಕರ ವಕೀಲನಾಗಿಯೂ, ಭಾವನಾ ದ್ವಿಪಾತ್ರದಲ್ಲಿಯೂ ನಟಿಸಿದರು. ಇದೇ ಕಥೆ 1965ರಲ್ಲಿ ತಮಿಳಿನ ‘ಇದಯ ಕಮಲಂ’ ಆಯಿತು, 1966ರಲ್ಲಿ ರಾಜ್ ಖೋಸ್ಲಾ ಕೈಯಲ್ಲಿ ಹಿಂದಿಯ ‘ಮೇರಾ ಸಾಯಾ’ ಆಯಿತು. ಹಿಂದಿಯ ರೂಪಕ್ಕೆ ಬಣ್ಣ ಬಂತು, ದೇಶದ ತುಂಬ ಹೆಸರೂ ಬಂತು. ನನ್ನ ಅಭಿಪ್ರಾಯದಲ್ಲಿ ಸಂಶಯದ ಬಿಗಿ ಇರುವುದು ಕಪ್ಪು-ಬಿಳುಪಿನ ಮೂಲದಲ್ಲಿಯೇ.

ಈ ಚಿತ್ರಗಳು ಮನೆಯೊಳಗೆ ಬಂದ ಬಗೆಗೆ ಸಂಶೋಧಕರು ಇನ್ನೂ ತಕ್ಕಷ್ಟು ಗಮನ ಕೊಟ್ಟಿಲ್ಲ. 1982ರ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಹೊತ್ತಿಗೆ ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ವಿಸಿಆರ್, ಬಾಡಿಗೆ ಕ್ಯಾಸೆಟ್ಟು. ಕಳ್ಳಪ್ರತಿಗಳ ಹಾವಳಿ ಹೆಚ್ಚಿ 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ವಿಡಿಯೋ ತಯಾರಿಸಿದವರ ಹೆಸರು, ವಿಳಾಸ, ಹಕ್ಕುದಾರರ ವಿವರ, ಸೆನ್ಸಾರ್ ಪ್ರಮಾಣಪತ್ರದ ಪ್ರತಿ ಇವನ್ನು ಕ್ಯಾಸೆಟ್ಟಿನ ಹೊದಿಕೆಯ ಮೇಲೂ ವಿಡಿಯೋದಲ್ಲಿಯೂ ತೋರಿಸಬೇಕೆಂಬ ನಿಯಮ ಆಗ ಬಂತು. ಹೀಗಾಗಿ ಹಳೆಯ ಕ್ಯಾಸೆಟ್ಟಿನ ಹೊದಿಕೆಯೂ ಚರಿತ್ರೆಗೆ ದಾಖಲೆಯೇ.

ಕ್ಯಾಸೆಟ್ಟಿನ ನಂತರ ಬಂದ ವಿಸಿಡಿ ಅಗ್ಗವಾಯಿತು. 2006ರ ನಂತರ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿಸಿಡಿ ಮಾರಿತು. ಆದರೆ ಪತ್ತೇದಾರಿ ಚಿತ್ರಕ್ಕೆ ವಿಸಿಡಿ ಮಾಡಿದ ಹಾನಿ ದೊಡ್ಡದು. ಒಂದು ಡಿಸ್ಕಿಗೆ ಹಿಡಿಸುವುದು 74ರಿಂದ 80 ನಿಮಿಷ. ರಹಸ್ಯ ಕುದಿಯುವ ಹೊತ್ತಿಗೆ ಎದ್ದು ಡಿಸ್ಕ್ ಬದಲಿಸಬೇಕು. ಚಿತ್ರದ ಅಳತೆ ಬರೀ 352×288 ಚುಕ್ಕೆ. ಬೆಳಕಿನ ದೃಶ್ಯ ಹೇಗೋ ನಡೆಯುತ್ತದೆ. ಕತ್ತಲೆ ಬಂದ ಕೂಡಲೆ ಪರದೆಯ ಮೇಲೆ ಚೌಕ ಚೌಕ ಕಲೆಗಳು ಏಳುತ್ತವೆ, ಕರಿ ಬೂದುಬಣ್ಣಕ್ಕೆ ತಿರುಗುತ್ತದೆ. ಛಾಯಾಗ್ರಾಹಕ ನೆರಳಿನಲ್ಲಿ ಬಚ್ಚಿಟ್ಟದ್ದೆಲ್ಲ ಆ ಕಲೆಗಳಲ್ಲಿ ಕರಗಿಹೋಗುತ್ತದೆ. ಹಳೆಯ ಕಪ್ಪು-ಬಿಳುಪು ಟಿ.ವಿ.ಯಲ್ಲಿ ಕ್ಯಾಸೆಟ್ ನೋಡಿದವರು ಈ ವಿಷಯದಲ್ಲಿ ಹೆಚ್ಚು ಪುಣ್ಯವಂತರು.

ಇನ್ನು ಈ ಚಿತ್ರಗಳ ಹಕ್ಕಿನ ಮಾತು. ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ‘ಪಾಠಲಾಗ’ದ ಅವಧಿ 2024ರ ಕೊನೆಗೆ ಮುಗಿದಿದೆ, ‘ಜೇಡರ ಬಲೆ’ಯದು 2028ರ ಕೊನೆಗೆ ಮುಗಿಯುತ್ತದೆ. ಕಥೆ, ಹಾಡುಗಳ ಹಕ್ಕು ಬೇರೆ. ಹಕ್ಕು ಮುಗಿದರೂ ಪ್ರತಿ ಉಳಿದಿರಬೇಕು; ಹಾಗಾಗಿ ಈ ಐದು ತಾಲೂಕುಗಳಲ್ಲಿ ಹಳೆಯ ಕ್ಯಾಸೆಟ್, ಡಿಸ್ಕ್, ಬಾಡಿಗೆ ಅಂಗಡಿಯ ರಿಜಿಸ್ಟರ್ ಇಟ್ಟುಕೊಂಡವರು ಅವನ್ನು ಗುಜರಿಗೆ ಹಾಕಬಾರದು. ಹೊದಿಕೆ ಸಮೇತ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಕನ್ನಡದ್ದು, ಮರಾಠಿಯದ್ದು ಎಂದು ಬೇರ್ಪಡಿಸದೆ ಒಟ್ಟಿಗೇ ಕೊಡಿ.